ಮನೆಯಂಗಳದಲ್ಲಿ ಕಾರಿನ ಎಂಜಿನ್ ಆಯಿಲ್ ಬದಲಿಸುವ ಬಗೆ

ನನ್ನ ಪೆಟ್ರೋಲ್ ಕಾರಿನ ಎಂಜಿನ್ ಆಯಿಲ್ ಅನ್ನು ಮನೆಯಲ್ಲಿಯೇ ಬದಲಿಸಲು ನಿರ್ಧರಿಸಿದ್ದಕ್ಕೆ ಹಣ ಉಳಿಸುವ ಆಸೆ ಕಾರಣವಾಗಿರಲಿಲ್ಲ. ಅದರ ಹಿಂದಿನ ವರ್ಷ ಒಂದು ಗ್ಯಾರೇಜಿನಲ್ಲಿ ಆಯಿಲ್ ಮತ್ತು ಫಿಲ್ಟರ್ ಎರಡಕ್ಕೂ ಹಣ ಕೊಟ್ಟು ಬಿಲ್ಲು ತಂದಿದ್ದೆ. ಕೆಲವು ತಿಂಗಳಾದ ಮೇಲೆ ಬೇರಾವುದೋ ಸದ್ದು ಕೇಳಿ ಕಾರಿನ ಕೆಳಗೆ ಬಗ್ಗಿ ನೋಡಿದಾಗ, ಅದಕ್ಕೂ ಹಿಂದಿನ ಸರ್ವಿಸಿನಲ್ಲಿ ಫಿಲ್ಟರಿನ ಮೇಲೆ ಮಾರ್ಕರಿನಿಂದ ಬರೆದಿದ್ದ ತಾರೀಖು ಹಾಗೆಯೇ ಇತ್ತು. ಫಿಲ್ಟರ್ ಹಳೆಯದೆಂದ ಮೇಲೆ, ಆಯಿಲ್ ಆದರೂ ಹೊಸದೆಂದು ನಂಬಲು ನನ್ನಲ್ಲಿ ಯಾವ ಆಧಾರವೂ ಉಳಿಯಲಿಲ್ಲ. ಎಣ್ಣೆ ಬರುವಾಗ ಕಣ್ಣು ಮುಚ್ಚಿಕೊಂಡರಂತೆ ಎಂಬ ಗಾಣದ ಕಾಲದ ಗಾದೆ ನನಗೆ ಸರಿಯಾಗಿ ಹೊಂದುತ್ತಿತ್ತು, ಏಕೆಂದರೆ ಅಷ್ಟು ವರ್ಷ ಕಾರಿನಿಂದ ಹಳೆಯ ಆಯಿಲ್ ಇಳಿಯುವ ಹೊತ್ತಿನಲ್ಲಿ ನಾನು ರಸ್ತೆಯ ಆಚೆ ಚಹಾ ಕುಡಿಯುತ್ತ ನಿಂತಿರುತ್ತಿದ್ದೆ. ಇಳಿದು ಬರುವ ಆಯಿಲ್ ಎಂಜಿನ್ನಿನ ಒಳಗಿನ ಸುದ್ದಿಯನ್ನು ಹೊತ್ತು ತರುತ್ತದೆ, ಆ ಸುದ್ದಿಯನ್ನು ಕಾರಿನ ಒಡೆಯನಷ್ಟು ಆಸಕ್ತಿಯಿಂದ ಬೇರೆ ಯಾರೂ ನೋಡುವುದಿಲ್ಲ. ಈ ಕೆಲಸವನ್ನು ಕಲಿಯಲು ಇದೇ ಮುಖ್ಯ ಕಾರಣವೆಂದು ನಾನು ಭಾವಿಸಿದ್ದೇನೆ. ಉಳಿಯುವುದು ಕೂಲಿಯ ಹಣ ಮಾತ್ರ. ಮೊದಲ ಸಲ ಕೊಳ್ಳಬೇಕಾದ ಸಾಮಾನಿನ ಖರ್ಚು ಹಲವು ಸಲದ ಕೂಲಿಯನ್ನು ನುಂಗಿಬಿಡುತ್ತದೆ.

ಇಲ್ಲಿ ಹೇಳುವ ಕ್ರಮ ಸ್ವಿಫ್ಟ್, ವ್ಯಾಗನ್ ಆರ್, ಐ10 ಮೊದಲಾದ ಸಣ್ಣ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ವಾರಂಟಿಯ ಅವಧಿ ಇನ್ನೂ ಇರುವ ಕಾರನ್ನು ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯುವುದು ಲೇಸು, ಏಕೆಂದರೆ ನಾಳೆ ಎಂಜಿನ್ನಿಗೆ ಏನಾದರೂ ಆದಾಗ ಸರ್ವಿಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ತಕರಾರು ಏಳಬಹುದು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುವುದರಿಂದ, ಅವುಗಳಿಗೆ ಬೂದಿ ಕಡಿಮೆ ಬಿಡುವ ಬೇರೆಯೇ ದರ್ಜೆಯ ಆಯಿಲ್ ಬೇಕಾಗುತ್ತದೆ. ಅದನ್ನು ಅರಿಯದೆ ಡಬ್ಬಿಯ ಮೇಲೆ ಡೀಸೆಲ್ ಎಂದಿದ್ದ ಯಾವುದನ್ನೋ ಸುರಿದರೆ ಬಹಳ ದುಬಾರಿಯ ಭಾಗವೊಂದು ಕಟ್ಟಿಕೊಳ್ಳುತ್ತದೆ.

ಹೆಚ್ಚಿನ ಸಣ್ಣ ಕಾರುಗಳ ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕೆಂದು ಬರೆದಿರುತ್ತದೆ. ಅದೇ ಕೈಪಿಡಿಯ ಮುಂದಿನ ಪುಟಗಳಲ್ಲಿ, ಬಹಳ ಮಂದಿ ಓದದ ಜಾಗದಲ್ಲಿ, ಧೂಳಿನ ರಸ್ತೆ ಮತ್ತು ಪದೇ ಪದೇ ಮಾಡುವ ಕಡಿಮೆ ದೂರದ ಓಡಾಟವನ್ನು ಕಠಿಣ ಬಳಕೆ ಎಂದು ಹೆಸರಿಸಿ, ಅಂಥ ಕಡೆ ಇನ್ನೂ ಬೇಗ ಬದಲಿಸಬೇಕೆಂದೂ ಸೂಚಿಸಿರುತ್ತದೆ. ನಮ್ಮ ವಿಜಯಪುರದ ಸುತ್ತಿನ ಬಹುಪಾಲು ಕಾರುಗಳು ಈ ಎರಡನೆಯ ಗುಂಪಿಗೇ ಸೇರುತ್ತವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಹಿಂದೆ ಹೋಗುವವರಿಗೂ, ಲೋಕಾಪುರದ ಕಡೆ ಸಿಮೆಂಟ್ ಲಾರಿಗಳ ನಡುವೆ ಓಡಾಡುವವರಿಗೂ ಧೂಳಿನ ಬಗ್ಗೆ ವಿವರಿಸಿ ಹೇಳಬೇಕಾಗಿಲ್ಲ. ಏರ್ ಫಿಲ್ಟರಿನ ಅಂಚಿನಿಂದ ನುಸುಳುವ ಕಣ್ಣಿಗೆ ಕಾಣದ ಮರಳಿನ ಕಣಗಳು ಆಯಿಲ್‌ನಲ್ಲಿ ಸೇರಿ, ಸಾಣೆ ಹಿಡಿದಂತೆ ಪಿಸ್ಟನ್ ರಿಂಗುಗಳನ್ನು ಸವೆಸುತ್ತವೆ. ಇನ್ನು ಬೆಳಗಾವಿಯ ಮಳೆಗಾಲದಲ್ಲಿ ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಕಷ್ಟ ಬೇರೆ: ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಂತುಬಿಡುವುದರಿಂದ, ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ಹೊರಗೆ ಹೋಗದೆ ಆಯಿಲ್‌ನಲ್ಲಿಯೇ ತಂಗುತ್ತದೆ. ನನ್ನ ಕಾರು ತಿಂಗಳಿಗೆ ಎರಡು ಸಲವಾದರೂ ಇಂಡಿ ತಾಲ್ಲೂಕಿನ ಕಡೆಯ ನಿಂಬೆ ತೋಟದ ಮಣ್ಣಿನ ದಾರಿಯನ್ನು ಹಿಡಿಯುತ್ತದೆಯಾದ್ದರಿಂದ, ನಾನು ಖಂಡೇನವಮಿಯ ಮುಂಚೆ ಒಮ್ಮೆ, ಯುಗಾದಿಯ ಹೊತ್ತಿಗೆ ಒಮ್ಮೆ, ಅಂದರೆ ಸುಮಾರು ಆರು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಹೆದ್ದಾರಿಯಲ್ಲಿಯೇ ಹೆಚ್ಚು ಓಡುವ ಕಾರಿಗೆ ಇಷ್ಟು ಬೇಗ ಬೇಕಿಲ್ಲ.

ಯಾವ ಆಯಿಲ್ ಎಂಬ ಪ್ರಶ್ನೆಗೆ ಅಂಗಡಿಯವರು, ನೆರೆಯವರು, ಬೀಗರು ಎಲ್ಲರೂ ಉತ್ತರ ಕೊಡುತ್ತಾರೆ, ನಂಬಬೇಕಾದದ್ದು ಕೈಪಿಡಿಯನ್ನು. ಡಬ್ಬಿಯ ಮೇಲಿನ 5ಡಬ್ಲ್ಯೂ-30, 0ಡಬ್ಲ್ಯೂ-20 ಎಂಬ ಗುರುತುಗಳು ಆಯಿಲ್ ಎಷ್ಟು ಮಂದ ಎಂಬುದನ್ನು ತಿಳಿಸುತ್ತವೆ. ಡಬ್ಲ್ಯೂ ಅಕ್ಷರದ ಹಿಂದಿನ ಸಂಖ್ಯೆ ಚಳಿಯಲ್ಲಿ ಎಂಜಿನ್ ಚಾಲೂ ಆಗುವಾಗಿನ ಹರಿವಿಗೆ ಸಂಬಂಧಿಸಿದ್ದು. ಮುಂದಿನ ಸಂಖ್ಯೆ ಕಾದ ಎಂಜಿನ್ನಿನಲ್ಲಿ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. 20ಕ್ಕಿಂತ 30 ಮಂದ, 30ಕ್ಕಿಂತ 40 ಮಂದ. ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಕುಸಬಿ ಎಣ್ಣೆಗೂ ಹರಳೆಣ್ಣೆಗೂ ಇರುವ ವ್ಯತ್ಯಾಸದಂಥದ್ದು ಇದು. ವಿಜಯಪುರದಂಥ ಬಿಸಿಲಿನ ಊರಿಗೆ ಗಟ್ಟಿ ಆಯಿಲ್ ಬೇಕು, 20ಡಬ್ಲ್ಯೂ-50 ಹಾಕಿದರೆ ಎಂಜಿನ್ ತಣ್ಣಗಿರುತ್ತದೆ ಎಂಬ ಮಾತು ಇಲ್ಲಿ ಬಹಳ ಕೇಳಿಬರುತ್ತದೆ. ಹಳೆಯ ಕಾಲದ ಎಂಜಿನ್ನುಗಳ ಮಟ್ಟಿಗೆ ಅದರಲ್ಲಿ ಹುರುಳಿತ್ತು. ಈಗಿನ ಎಂಜಿನ್ನಿನ ಉಷ್ಣಾಂಶವನ್ನು ಥರ್ಮೋಸ್ಟ್ಯಾಟ್ ಮತ್ತು ರೇಡಿಯೇಟರ್ ಫ್ಯಾನ್ ಸೇರಿ 90 ಡಿಗ್ರಿಯ ಆಸುಪಾಸಿನಲ್ಲಿಯೇ ಹಿಡಿದಿಡುತ್ತವೆ, ಹೊರಗೆ 25 ಡಿಗ್ರಿ ಇದ್ದರೂ 42 ಡಿಗ್ರಿ ಇದ್ದರೂ ಒಳಗಿನ ಬೇರಿಂಗಿಗೆ ತಗಲುವ ಬಿಸಿಯಲ್ಲಿ ಅಷ್ಟೇ ಪ್ರಮಾಣದ ಅಂತರ ಬೀಳುವುದಿಲ್ಲ. ಬೇರಿಂಗುಗಳ ನಡುವಿನ ಕೂದಲೆಳೆಯಷ್ಟು ಸಂದನ್ನೂ ಆಯಿಲ್ ಪಂಪಿನ ಶಕ್ತಿಯನ್ನೂ ಒಂದು ನಿರ್ದಿಷ್ಟ ಮಂದತೆಗೆ ಹೊಂದಿಸಿ ಎಂಜಿನ್ ಮಾಡಿರುತ್ತಾರೆ. ಅದಕ್ಕಿಂತ ಬಹಳ ಗಟ್ಟಿಯಾದುದನ್ನು ಹಾಕಿದರೆ ಬೆಳಗಿನ ಮೊದಲ ಕ್ಷಣಗಳಲ್ಲಿ ಅದು ಮೇಲಿನ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿಗೆ ತಲುಪುವುದೇ ತಡವಾಗುತ್ತದೆ, ಪೆಟ್ರೋಲೂ ಹೆಚ್ಚು ಸುಡುತ್ತದೆ. ಕೈಪಿಡಿಯಲ್ಲಿ ಎರಡು ದರ್ಜೆಗಳನ್ನು ಕೊಟ್ಟಿದ್ದರೆ, ನಮ್ಮ ಬೇಸಿಗೆಯನ್ನು ನೆನೆದು ಅವೆರಡರಲ್ಲಿ ಮಂದವಾದುದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಕೈಪಿಡಿಯಲ್ಲಿ ಇಲ್ಲದ್ದಕ್ಕೆ ಕೈಹಾಕಬಾರದು.

ಮಂದತೆಯ ಜೊತೆಗೆ ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್ ಗೊತ್ತುಮಾಡಿದ ಗುಣಮಟ್ಟದ ದರ್ಜೆಯನ್ನೂ ನೋಡಬೇಕು. ಪೆಟ್ರೋಲ್ ಎಂಜಿನ್ನಿನ ಆಯಿಲ್‌ಗೆ ಎಸ್ ಅಕ್ಷರದಿಂದ ಆರಂಭವಾಗುವ ಗುರುತಿದ್ದು, 2020ರಲ್ಲಿ ಬಂದ ಎಸ್‌ಪಿ ಎಂಬುದು ಅದಕ್ಕೂ ಮೊದಲಿನ ಎಸ್‌ಎನ್ ಬೇಡುವ ಕಾರಿಗೂ ನಡೆಯುತ್ತದೆ. ಸರ್ವೋ, ಮ್ಯಾಕ್, ಕ್ಯಾಸ್ಟ್ರಾಲ್, ಮೊಬಿಲ್ ಎಂಬ ಹೆಸರುಗಳ ನಡುವಿನ ವಾದಕ್ಕೆ ನಾನು ಹೋಗುವುದಿಲ್ಲ. ದರ್ಜೆ ಸರಿಯಾಗಿದ್ದು ಡಬ್ಬಿ ಅಸಲಿಯಾಗಿದ್ದರೆ ಯಾವುದಾದರೂ ಆಗುತ್ತದೆ. ಅಸಲಿ ಎಂಬುದೇ ಇಲ್ಲಿನ ತೊಡಕು. ಪೆಟ್ರೋಲ್ ಬಂಕಿನಲ್ಲಿ ಅಥವಾ ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ ಬಿಲ್ಲಿನ ಸಮೇತ ಕೊಂಡು, ಮುಚ್ಚಳದ ಸೀಲು ಒಡೆಯದಿರುವುದನ್ನು ಮತ್ತು ಬ್ಯಾಚ್ ಸಂಖ್ಯೆ ಉಜ್ಜಿಹೋಗದಿರುವುದನ್ನು ಪರೀಕ್ಷಿಸಬೇಕು. ಖಾಲಿ ಡಬ್ಬಿಯನ್ನು ಎಸೆಯುವುದಾದರೆ ಅದರ ಚೀಟಿಯನ್ನು ಹರಿದು, ಒಂದು ರಂಧ್ರ ಮಾಡಿ ಎಸೆಯುವುದು ಒಳ್ಳೆಯದು, ಏಕೆಂದರೆ ನಕಲಿ ತುಂಬುವವರಿಗೆ ಬೇಕಾಗುವುದು ಅದೇ.

ಸಾಮಾನುಗಳ ಪಟ್ಟಿ ದೊಡ್ಡದಲ್ಲ. ಕೈಪಿಡಿಯಲ್ಲಿ ಹೇಳಿದಷ್ಟು ಆಯಿಲ್ ಬೇಕು, ಸಣ್ಣ ಪೆಟ್ರೋಲ್ ಕಾರಿಗೆ ಅದು ಸಾಮಾನ್ಯವಾಗಿ ಮೂರರಿಂದ ಮೂರೂವರೆ ಲೀಟರ್ ಇರುತ್ತದೆ. ಹೊಸ ಫಿಲ್ಟರ್, ಆಯಿಲ್ ಇಳಿಸಲು ಎಂಜಿನ್ನಿನ ತಳದಲ್ಲಿ ಬಿಚ್ಚುವ ಡ್ರೇನ್ ಬೋಲ್ಟಿನ ಹೊಸ ವಾಷರ್, ಬೋಲ್ಟಿಗೆ ಸರಿಹೊಂದುವ ರಿಂಗ್ ಪಾನಾ ಅಥವಾ ಸಾಕೆಟ್, ಫಿಲ್ಟರ್ ಬಿಚ್ಚುವ ಪಾನಾ, ಐದಾರು ಲೀಟರ್ ಹಿಡಿಯುವ ಅಗಲ ಬಾಯಿಯ ಪ್ಲಾಸ್ಟಿಕ್ ಬುಟ್ಟಿ, ಲಾಳಿಕೆ, ಹಳೆಯ ಅರಿವೆ, ರಬ್ಬರ್ ಕೈಗವಸು ಇವಿಷ್ಟು ಇದ್ದರೆ ಸಾಕು. ಬೋಲ್ಟಿನ ಅಳತೆ ಕಾರಿನಿಂದ ಕಾರಿಗೆ ಬದಲಾಗುತ್ತದೆ, 14, 17 ಮತ್ತು 19 ಮಿ.ಮೀ. ಹೆಚ್ಚಾಗಿ ಕಾಣುವವು, ಹಿಂದಿನ ದಿನವೇ ಪಾನಾ ಕೂಡಿಸಿ ನೋಡಿಟ್ಟುಕೊಳ್ಳದೆ ಭಾನುವಾರ ಬೆಳಿಗ್ಗೆ ಕೆಲಸ ಆರಂಭಿಸಿದವರು ಅಂಗಡಿ ತೆರೆಯುವ ತನಕ ಕಾಯಬೇಕಾಗುತ್ತದೆ. ಬಾಯಿ ಸರಿಯಾಗಿ ಕೂಡದ ಪಾನಾದಿಂದಲೋ ಹೊಂದಿಸಿಕೊಳ್ಳುವ ಸ್ಕ್ರೂ ಪಾನಾದಿಂದಲೋ ಬೋಲ್ಟಿನ ಮೂಲೆಗಳನ್ನು ಸವೆಸಿದರೆ, ಮುಂದೆ ಅದನ್ನು ಬಿಚ್ಚಲು ವೆಲ್ಡಿಂಗಿನವರನ್ನು ಕರೆಯುವ ಪ್ರಸಂಗ ಬರುತ್ತದೆ. ಈ ಪಟ್ಟಿಗೆ ಸೇರಿಸದೆ ಬಿಟ್ಟಿದ್ದು ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಜ್ಯಾಕ್ ಸ್ಟ್ಯಾಂಡುಗಳು, ಅವುಗಳ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕು.

ಈ ಕೆಲಸದಲ್ಲಿ ಜೀವಕ್ಕೆ ಅಪಾಯವಿರುವುದು ಒಂದೇ ಕಡೆ, ಎತ್ತಿದ ಕಾರಿನ ಕೆಳಗೆ. ಕಾರಿನ ಜೊತೆಗೆ ಬರುವ ಜ್ಯಾಕ್ ಚಕ್ರ ಬದಲಿಸಲು ಮಾತ್ರ ಇರುವಂಥದ್ದು. ಅದೊಂದನ್ನೇ ನಂಬಿ ತಲೆಯನ್ನಾಗಲಿ ಎದೆಯನ್ನಾಗಲಿ ಕಾರಿನ ಕೆಳಗೆ ಇಡಬಾರದು, ಎರಡು ನಿಮಿಷದ ಕೆಲಸವಾದರೂ ಇಡಬಾರದು. ಜಾಗ ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರಬೇಕು. ಎರೆಮಣ್ಣಿನ ಹಿತ್ತಿಲು ಇದಕ್ಕೆ ಸುತರಾಂ ಆಗುವುದಿಲ್ಲ. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಆ ನೆಲ ಒಳಗೆ ಬಿರುಕು ಬಿಟ್ಟಿರುತ್ತದೆ, ಭಾರ ಬಿದ್ದಾಗ ಸ್ಟ್ಯಾಂಡಿನ ಕಾಲು ಒಂದು ಪಕ್ಕಕ್ಕೆ ಇಳಿಯುತ್ತದೆ. ನಮ್ಮ ಮನೆಗಳ ಅಂಗಳದಲ್ಲಿ ಸಾಮಾನ್ಯವಾಗಿರುವ ಶಹಾಬಾದ್ ಫರಸಿಯನ್ನು ಕೂಡ ಕಣ್ಣು ಮುಚ್ಚಿ ನಂಬುವಂತಿಲ್ಲ. ಕೆಳಗೆ ಟೊಳ್ಳಿದ್ದರೆ ಸ್ಟ್ಯಾಂಡಿನ ನಾಲ್ಕು ಸಣ್ಣ ಪಾದಗಳ ಮೇಲೆ ಬೀಳುವ ಕಾರಿನ ಭಾರಕ್ಕೆ ಫರಸಿ ಒಡೆಯಬಹುದು, ಆದ್ದರಿಂದ ಸ್ಟ್ಯಾಂಡಿನ ಕೆಳಗೆ ಒಂದೂವರೆ ಎರಡು ಅಂಗುಲ ದಪ್ಪದ ಗಟ್ಟಿ ಮರದ ಹಲಗೆಯನ್ನು ಇಟ್ಟು ಭಾರವನ್ನು ಹರಡಬೇಕು. ಹ್ಯಾಂಡ್ ಬ್ರೇಕ್ ಎಳೆದು, ಮೊದಲನೆಯ ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳಿಗೆ ಮರದ ತುಂಡನ್ನು ಮುಂದೆ ಹಿಂದೆ ಒತ್ತಿಟ್ಟು, ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜ್ಯಾಕ್ ಕೊಟ್ಟು ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಇಟ್ಟು ಇಳಿಸಿದ ಮೇಲೆ, ಕಾರನ್ನು ಪಕ್ಕದಿಂದ ಜೋರಾಗಿ ನೂಕಿ ನೋಡಬೇಕು. ಅಲುಗಿದರೆ ಮತ್ತೆ ಮೊದಲಿನಿಂದ ಎತ್ತಬೇಕು. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕುಗಳನ್ನು ಸ್ಟ್ಯಾಂಡಿನ ಬದಲು ಬಳಸುವುದನ್ನು ನಾನು ನೋಡಿದ್ದೇನೆ, ಅವು ಯಾವ ಮುನ್ಸೂಚನೆಯನ್ನೂ ಕೊಡದೆ ಒಮ್ಮೆಲೇ ಪುಡಿಯಾಗುತ್ತವೆ. ಮನೆಯಲ್ಲಿ ಇನ್ನೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಲಿ, ಮಕ್ಕಳು ಕಾರಿನ ಬಾಗಿಲನ್ನು ಮುಟ್ಟದಿರಲಿ.

ಕಾರನ್ನು ಹೀಗೆ ಎತ್ತುವ ಮೊದಲೇ ಎಂಜಿನ್ ಅನ್ನು ಐದಾರು ನಿಮಿಷ ಓಡಿಸಿ, ಆಮೇಲೆ ಹದಿನೈದು ನಿಮಿಷ ಬಿಡಬೇಕು. ತಣ್ಣಗಿನ ಆಯಿಲ್ ನಿಧಾನವಾಗಿ ಇಳಿದು ಕೊಳೆಯನ್ನು ತಳದಲ್ಲಿಯೇ ಬಿಟ್ಟುಬರುತ್ತದೆ, ದೂರ ಓಡಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ. ಬಾನೆಟ್ ತೆರೆದು ಮೇಲಿನ ಆಯಿಲ್ ಮುಚ್ಚಳವನ್ನು ಸಡಿಲಿಸಿದರೆ ಗಾಳಿ ಒಳಹೊಕ್ಕು ಆಯಿಲ್ ಸರಾಗವಾಗಿ ಇಳಿಯುತ್ತದೆ. ಇನ್ನು ಕೆಳಗೆ ಮಲಗಿ ನೋಡಿದಾಗ, ಎಂಜಿನ್ನಿನ ತಳದಲ್ಲಿ ಮೆಕ್ಯಾನಿಕ್ಕುಗಳು ಚೇಂಬರ್ ಎಂದು ಕರೆಯುವ ತಟ್ಟೆಯಾಕಾರದ ಭಾಗ ಕಾಣುತ್ತದೆ, ಡ್ರೇನ್ ಬೋಲ್ಟ್ ಇರುವುದು ಅದರಲ್ಲಿ. ಹೊಸಬರು ಇಲ್ಲಿಯೇ ಎಡವುತ್ತಾರೆ. ಚೇಂಬರಿನ ಪಕ್ಕದಲ್ಲಿಯೇ ಗೇರ್ ಬಾಕ್ಸ್ ಇದ್ದು, ಅದಕ್ಕೂ ತನ್ನದೇ ಆದ ಡ್ರೇನ್ ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿ ಗೇರ್ ಆಯಿಲ್ ಚೆಲ್ಲಿ, ಎಂಜಿನ್ನಿಗೆ ಎರಡು ಪಟ್ಟು ಆಯಿಲ್ ತುಂಬಿದವರ ಕಥೆಗಳು ಪ್ರತಿ ಊರಿನಲ್ಲಿಯೂ ಸಿಗುತ್ತವೆ. ಚಕ್ರಗಳಿಗೆ ಹೋಗುವ ಡ್ರೈವ್ ಶಾಫ್ಟ್ ಯಾವ ಪೆಟ್ಟಿಗೆಯಿಂದ ಹೊರಡುತ್ತದೆಯೋ ಅದು ಗೇರ್ ಬಾಕ್ಸ್, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್ ಸ್ಟಿಕ್ಕಿನ ಕೊಳವೆ ಹೋಗಿ ಸೇರುವ ಕಡೆ ಎಂಜಿನ್ ಎಂದು ಗುರುತಿಟ್ಟುಕೊಂಡರೆ ಗೊಂದಲವಿಲ್ಲ. ಬೋಲ್ಟನ್ನು ಅದರ ತಲೆಯ ಕಡೆಯಿಂದ ನೋಡುತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ಸಡಿಲಿಸಬೇಕು. ಆಮೇಲೆ ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದುಕೊಂಡೇ ಬಿಚ್ಚುತ್ತ ಹೋಗಿ, ಕೊನೆಯ ಸುತ್ತು ಬಿಟ್ಟ ಕೂಡಲೇ ಚುರುಕಾಗಿ ಪಕ್ಕಕ್ಕೆ ಎಳೆದುಕೊಳ್ಳಬೇಕು. ಮೊದಲಿಗೆ ಆಯಿಲ್ ನೇರ ಕೆಳಗೆ ಬೀಳುವುದಿಲ್ಲ, ಬಾಗಿ ಒಂದು ಗೇಣು ಆಚೆ ಚಿಮ್ಮುತ್ತದೆ. ರಭಸ ಇಳಿದ ಹಾಗೆಲ್ಲ ಧಾರೆ ಈಚೆಗೆ ಸರಿಯುತ್ತದೆ. ಇದನ್ನು ಅರಿಯದೆ ಬುಟ್ಟಿಯನ್ನು ಬೋಲ್ಟಿನ ನೇರ ಕೆಳಗೆ ಇಟ್ಟಿದ್ದ ನನ್ನ ಮೊದಲ ಪ್ರಯತ್ನದ ಗುರುತು ನಮ್ಮ ಅಂಗಳದ ಫರಸಿಯ ಮೇಲೆ ಇಂದಿಗೂ ಇದೆ. ಚೆಲ್ಲಿದ ಕೂಡಲೇ ಸಾಮಿಲ್ಲಿನ ಕಟ್ಟಿಗೆ ಹೊಟ್ಟನ್ನೋ ಒಲೆಯ ಬೂದಿಯನ್ನೋ ಸುರಿದಿದ್ದರೆ ಅಷ್ಟು ಕಲೆ ಕೂಡುತ್ತಿರಲಿಲ್ಲ.

ಧಾರೆ ಹನಿಗೆ ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು, ಆ ಹೊತ್ತನ್ನು ನೋಡುವುದಕ್ಕೆ ಬಳಸಬೇಕು. ಬಣ್ಣ ಕಪ್ಪಾಗಿದೆ ಎಂಬುದರಿಂದ ಗಾಬರಿಯಾಗುವ ಅಗತ್ಯವಿಲ್ಲ. ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕಗಳು ಮಸಿಯನ್ನೂ ಅಂಟನ್ನೂ ಎತ್ತಿ ತಮ್ಮೊಳಗೆ ತೇಲಿಸಿಕೊಂಡು ಬರುವುದರಿಂದಲೇ ಅದು ಕಪ್ಪಾಗುತ್ತದೆ, ಅಂದರೆ ತನ್ನ ಕೆಲಸ ಮಾಡಿದೆ ಎಂದರ್ಥ. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಬಹಳ ಬೇಗ ಕಪ್ಪಾಗುತ್ತದೆ. ನೋಡಬೇಕಾದದ್ದು ಅದರ ಮೈಯನ್ನು. ಬೆರಳುಗಳ ನಡುವೆ ಉಜ್ಜಿದಾಗ ನಯವಾಗಿ ಜಾರಿದರೆ ಸರಿ, ಗರಗರ ಎಂದರೆ ಧೂಳು ಒಳಹೊಕ್ಕಿದೆ, ಏರ್ ಫಿಲ್ಟರ್ ಮತ್ತು ಅದರ ಪೈಪಿನ ಕ್ಲಿಪ್ಪುಗಳನ್ನು ಅಂದೇ ಪರೀಕ್ಷಿಸಬೇಕು. ಸಕ್ಕರೆ ಕಾರ್ಖಾನೆಯ ಕಾಕಂಬಿಯಂತೆ ಮಂದವಾಗಿ ತೊಟ್ಟಿಕ್ಕಿದರೆ, ಬಹಳ ತಡವಾಗಿ ಬದಲಿಸಿದ ಅಥವಾ ಎಂಜಿನ್ ಅತಿಯಾಗಿ ಕಾದ ಲಕ್ಷಣ. ಅಂಥ ಸಂದರ್ಭದಲ್ಲಿ ಮುಂದಿನ ಬದಲಾವಣೆಯನ್ನು ಎರಡು ಮೂರು ಸಾವಿರ ಕಿಲೋಮೀಟರಿಗೇ ಮಾಡಿದರೆ ಉಳಿದ ಜಿಡ್ಡು ಮೆಲ್ಲಗೆ ಬಿಡುತ್ತದೆ. ಹಾಲು ಬೆರೆತ ಚಹಾದ ಬಣ್ಣ ಬಂದಿದ್ದರೆ ಆಯಿಲ್‌ನಲ್ಲಿ ನೀರು ಸೇರಿದೆ. ಮೇಲಿನ ಮುಚ್ಚಳದ ಒಳಗೆ ಮಾತ್ರ ಬಿಳಿ ನೊರೆ ಇದ್ದು ಕೆಳಗಿನ ಆಯಿಲ್ ಶುಭ್ರವಾಗಿದ್ದರೆ ಅದು ಮಳೆಗಾಲದ ಸಣ್ಣ ಓಡಾಟದ ತೇವ, ಒಂದು ದೂರದ ಪ್ರಯಾಣದಲ್ಲಿ ಆರಿಹೋಗುತ್ತದೆ; ಬುಟ್ಟಿಯಲ್ಲಿಯೇ ಆ ಬಣ್ಣವಿದ್ದು ಎಂಜಿನ್ ತಣಿಸುವ ರೇಡಿಯೇಟರಿನ ದ್ರವ, ಅಂದರೆ ಕೂಲಂಟ್ ಕೂಡ ಕಡಿಮೆಯಾಗಿದ್ದರೆ, ಎಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗಗಳ ನಡುವಿನ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ, ಕಾರನ್ನು ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಬೇಕು. ಪೆಟ್ರೋಲಿನ ಘಾಟು ವಾಸನೆ ಜೋರಾಗಿದ್ದರೆ ಉರಿಯದ ಪೆಟ್ರೋಲ್ ಕೆಳಗಿಳಿದು ಆಯಿಲ್ ಅನ್ನು ತೆಳುವಾಗಿಸಿದೆ. ಬಿಸಿಲಿಗೆ ಹಿಡಿದಾಗ ಬಣ್ಣದಂಗಡಿಯ ಬೆಳ್ಳಿಪುಡಿಯಂತೆ ಮಿನುಗು ಕಂಡರೆ ಅದು ಲೋಹದ ಸವೆತ. ಕಾಗದದ ಮೇಲೆ ಸ್ವಲ್ಪ ಹಚ್ಚಿ ಕೆಳಗಿನಿಂದ ಅಯಸ್ಕಾಂತ ಆಡಿಸಿದಾಗ ಕಣಗಳು ಅದರ ಹಿಂದೆ ಬಂದರೆ ಕಬ್ಬಿಣ, ಬಾರದಿದ್ದರೆ ಅಲ್ಯೂಮಿನಿಯಂ ಅಥವಾ ಬೇರಿಂಗಿನ ಲೋಹ. ಕಣ್ಣಿಗೆ ಕಾಣುವ ಚೂರುಗಳಿದ್ದರಂತೂ ಹೊಸ ಆಯಿಲ್ ಹಾಕಿ ಸುಮ್ಮನಾಗುವಂತಿಲ್ಲ. ಕೊನೆಗೆ, ಇಳಿದದ್ದು ಎಷ್ಟು ಲೀಟರ್ ಎಂಬುದನ್ನು ಅಳೆಯಬೇಕು. ಮೂರು ಲೀಟರ್ ಹಾಕಿದ್ದ ಕಡೆ ಎರಡು ಲೀಟರ್ ಇಳಿದರೆ ಉಳಿದದ್ದು ಸೋರಿದೆ ಅಥವಾ ಸುಟ್ಟಿದೆ; ಸರ್ವಿಸಿಗೆ ಕೊಟ್ಟಾಗ ಈ ಲೆಕ್ಕವನ್ನು ನನಗೆ ಯಾರೂ ಹೇಳಿದ್ದಿಲ್ಲ.

ಫಿಲ್ಟರನ್ನು ಬಿಚ್ಚುವಾಗ ಬುಟ್ಟಿಯನ್ನು ಅದರ ಕೆಳಗೆ ಸರಿಸಿಕೊಳ್ಳಬೇಕು, ಅದರಲ್ಲಿ ಕಾಲು ಲೀಟರಿನಷ್ಟು ಆಯಿಲ್ ಉಳಿದಿರುತ್ತದೆ. ಪಕ್ಕದಲ್ಲಿಯೇ ಹೊಗೆಯ ಪೈಪು ಹಾದುಹೋಗಿದ್ದರೆ ಅದು ಇನ್ನೂ ಬಿಸಿಯಾಗಿರಬಹುದೆಂಬ ಎಚ್ಚರವಿರಲಿ. ಬಿಗಿಯಾಗಿ ಕೂತ ಫಿಲ್ಟರಿಗೆ ಸ್ಕ್ರೂ ಡ್ರೈವರ್ ಚುಚ್ಚಿ ತಿರುಗಿಸುವ ಹಳೆಯ ಉಪಾಯವೊಂದಿದೆ. ತಗಡು ಹರಿದು ಹಿಡಿಯಲು ಏನೂ ಉಳಿಯದಂತಾಗುವುದೇ ಹೆಚ್ಚು, ಆದ್ದರಿಂದ ಬೆಲ್ಟಿನಂಥ ಪಟ್ಟಿ ಇರುವ ಪಾನಾ ಕೊಳ್ಳುವುದೇ ಮೇಲು. ಬಿಚ್ಚಿದ ಫಿಲ್ಟರನ್ನು ತಿರುವಿ, ಅದರ ಬಾಯಿಯ ರಬ್ಬರ್ ಬಳೆ ಅದರಲ್ಲಿಯೇ ಇದೆಯೇ ಎಂದು ನೋಡಬೇಕು. ಕೆಲವು ಸಲ ಅದು ಎಂಜಿನ್ನಿಗೆ ಅಂಟಿಕೊಂಡು ಉಳಿದುಬಿಡುತ್ತದೆ, ಅದರ ಮೇಲೆಯೇ ಹೊಸದನ್ನು ಕೂಡಿಸಿದರೆ ಎರಡು ರಬ್ಬರುಗಳ ನಡುವಿನಿಂದ ಒತ್ತಡದ ಆಯಿಲ್ ಚಿಮ್ಮಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಬರಿದಾಗುತ್ತದೆ. ಕೂಡುವ ಜಾಗವನ್ನು ಸ್ವಚ್ಛ ಅರಿವೆಯಿಂದ ಒರೆಸಿ, ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಅನ್ನು ಬೆರಳಿನಿಂದ ಸವರಿ, ಕೈಯಿಂದಲೇ ತಿರುಗಿಸುತ್ತ ರಬ್ಬರ್ ತಾಗುವ ತನಕ ಹೋಗಿ, ಅಲ್ಲಿಂದ ಮುಂದೆ ಸುಮಾರು ಮುಕ್ಕಾಲು ಸುತ್ತು ಬಿಗಿ ಮಾಡಬೇಕು. ಇಷ್ಟಕ್ಕೆ ಪಾನಾ ಬೇಡ. ಪಾನಾ ಹಾಕಿ ಬಿಗಿದವರು ಮುಂದಿನ ಸಲ ತಾವೇ ಅದನ್ನು ಬಿಚ್ಚಲಾರರು. ತಗಡಿನ ಡಬ್ಬಿಯ ಬದಲು ಒಳಗೆ ಕಾಗದದ ಸುರುಳಿ ಮಾತ್ರ ಇರುವ ಫಿಲ್ಟರಾದರೆ ಅದರ ಮುಚ್ಚಳದ ರಬ್ಬರ್ ಬಳೆಯಾದ ಓ-ರಿಂಗನ್ನೂ ಹೊಸದಾಗಿ ಹಾಕಬೇಕು. ಫಿಲ್ಟರಿನ ಮೇಲೆ ತಾರೀಖು ಬರೆಯುವುದನ್ನು ನಾನು ಮರೆಯುವುದಿಲ್ಲ, ಕಾರಣ ಆಗಲೇ ಹೇಳಿದ್ದೇನೆ.

ಡ್ರೇನ್ ಬೋಲ್ಟಿಗೆ ಹಳೆಯ ವಾಷರನ್ನೇ ಮತ್ತೆ ಹಾಕಿದರೆ ಹನಿ ನಿಲ್ಲುವುದಿಲ್ಲ, ಆ ಹನಿಯನ್ನು ನಿಲ್ಲಿಸಲು ಬೋಲ್ಟನ್ನು ಮತ್ತಷ್ಟು ಬಿಗಿದು ಥ್ರೆಡ್ ಕೆಡಿಸಿಕೊಳ್ಳುತ್ತೇವೆ. ಮೃದುವಾದ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಚಪ್ಪಟೆಯಾಗಿ ಸಂದು ಮುಚ್ಚಲೆಂದೇ ಇರುವಂಥದ್ದು. ಬೋಲ್ಟನ್ನು ಮೊದಲು ನಾಲ್ಕೈದು ಸುತ್ತು ಬರಿ ಬೆರಳಿನಿಂದ ತಿರುಗಿಸಬೇಕು, ಬೆರಳಿಗೆ ತಡೆದರೆ ಅಡ್ಡ ಹೋಗುತ್ತಿದೆ ಎಂದು ತಿಳಿದು ಹಿಂದಕ್ಕೆ ತೆಗೆಯಬೇಕು. ಬಿಗಿಯ ಪ್ರಮಾಣ ಕೈಪಿಡಿಯಲ್ಲಿರುತ್ತದೆ, ಬಹಳಷ್ಟು ಸಣ್ಣ ಕಾರುಗಳಲ್ಲಿ ಅದು 30ರಿಂದ 40 ನ್ಯೂಟನ್ ಮೀಟರ್. ಬಿಗಿಯನ್ನು ಅಳೆಯುವ ಟಾರ್ಕ್ ಪಾನಾ ಇಲ್ಲದವರಿಗೆ ಹೇಳುವುದಾದರೆ, 25 ಸೆಂ.ಮೀ. ಉದ್ದದ ಪಾನಾದ ತುದಿಗೆ ಸುಮಾರು 14 ಕೆ.ಜಿ. ತೂಗುಬಿಟ್ಟಷ್ಟು ಬಲ ಅದು. ಮೊಣಕೈಯಿಂದ ಎಳೆದರೆ ಸಾಕು, ಭುಜ ಹಾಕಬಾರದು. ಚೇಂಬರ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಇನ್ನೂ ಹೆಚ್ಚು ಸಂಯಮ ಬೇಕು. ಈಗ ಕಾರನ್ನು ನೆಲಕ್ಕಿಳಿಸಿ, ಬೇಕಾದ ಅಳತೆಗಿಂತ ಕಾಲು ಲೀಟರ್ ಕಡಿಮೆ ಆಯಿಲ್ ಅನ್ನು ಲಾಳಿಕೆಯಿಂದ ನಿಧಾನವಾಗಿ ಹೊಯ್ಯಬೇಕು. ಕಡಿಮೆ ಬಿದ್ದರೆ ಸೇರಿಸಬಹುದು, ಹೆಚ್ಚಾದರೆ ಮತ್ತೆ ಕೆಳಗೆ ಮಲಗಬೇಕು. ಹೆಚ್ಚಾದ ಆಯಿಲ್‌ನಲ್ಲಿ ಕ್ರ್ಯಾಂಕ್ ಶಾಫ್ಟ್ ಮುಳುಗಿ ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಾದ ಆಯಿಲ್ ಬೇರಿಂಗುಗಳನ್ನು ಕಾಪಾಡಲಾರದು.

ಮುಚ್ಚಳ ಹಾಕಿ ಎಂಜಿನ್ ಚಾಲೂ ಮಾಡಿದಾಗ ಆಯಿಲ್ ಒತ್ತಡದ ಕೆಂಪು ದೀಪ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಫಿಲ್ಟರ್ ತುಂಬಿಕೊಳ್ಳುವ ತನಕ ಅದು ಎಂದಿಗಿಂತ ತುಸು ಹೆಚ್ಚು ಹೊತ್ತು ಉರಿಯುವುದು ಸಹಜ, ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಒತ್ತಬಾರದು. ಹತ್ತು ಸೆಕೆಂಡು ಕಳೆದರೂ ಆರದಿದ್ದರೆ ಎಂಜಿನ್ ನಿಲ್ಲಿಸಬೇಕು. ಒಂದೆರಡು ನಿಮಿಷ ಓಡಿಸಿ, ಫಿಲ್ಟರ್ ಮತ್ತು ಬೋಲ್ಟಿನ ಸುತ್ತ ಟಾರ್ಚ್ ಬಿಟ್ಟು ನೋಡಿ, ನಿಲ್ಲಿಸಿ ಐದು ನಿಮಿಷ ಬಿಟ್ಟು ಡಿಪ್ ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಬೇಕು. ಮೇಲಿನ ಗುರುತಿಗೆ ಕೂದಲಷ್ಟು ಕೆಳಗಿದ್ದರೆ ಅದೇ ಸರಿಯಾದ ಮಟ್ಟ. ಮೊದಲ ದಿನವೇ ದೂರದ ಊರಿಗೆ ಹೊರಡದೆ, ವಿಜಯಪುರದಿಂದ ಕೊಲ್ಹಾರದ ಕೃಷ್ಣಾ ಸೇತುವೆಯ ತನಕ ಹೋಗಿ ಬಂದಷ್ಟು ಓಡಿಸಿ, ರಾತ್ರಿ ಕಾರಿನ ಕೆಳಗೆ ಹಳೆಯ ಪತ್ರಿಕೆ ಹಾಸಿಟ್ಟರೆ, ಬೆಳಿಗ್ಗೆ ಒಂದು ಹನಿ ಬಿದ್ದಿದ್ದರೂ ಗೊತ್ತಾಗುತ್ತದೆ.

ಉಳಿದದ್ದು ಬುಟ್ಟಿಯಲ್ಲಿನ ಸುಟ್ಟ ಆಯಿಲ್. ಮನೆಯಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ತಪ್ಪುವುದು ಇಲ್ಲಿ, ಗಟಾರ ಅಥವಾ ಖಾಲಿ ನಿವೇಶನದ ಮೂಲೆ ಅಷ್ಟು ಹತ್ತಿರದಲ್ಲಿರುತ್ತದೆ. ಭಾರತದಲ್ಲಿ ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಶುದ್ಧೀಕರಿಸಿ ಮತ್ತೆ ಬಳಸುವ ಹೊಣೆಯನ್ನು ಆಯಿಲ್ ತಯಾರಕರ ಮೇಲೆ ಹೊರಿಸುವ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಯಮದ ಮಾತು ಒತ್ತಟ್ಟಿಗಿರಲಿ, ತಾಜ್ ಬಾವಡಿ, ಚಾಂದ್ ಬಾವಡಿಯಂಥ ದೊಡ್ಡ ಬಾವಿಗಳನ್ನು ಕಟ್ಟಿ ನೀರನ್ನು ಕಾಯ್ದುಕೊಂಡ ಊರು ನಮ್ಮದು, ಇಂದಿಗೂ ಎಷ್ಟೋ ಓಣಿಗಳಲ್ಲಿ ಬೇಸಿಗೆಗೆ ಬೋರ್‌ವೆಲ್ಲೇ ಗತಿ. ನೆಲಕ್ಕೆ ಸುರಿದ ಆಯಿಲ್ ಎರೆಮಣ್ಣಿನ ಬಿರುಕಿನಲ್ಲಿ ಇಳಿದು ಕಣ್ಮರೆಯಾಗುತ್ತದೆ, ಇಲ್ಲದಾಗುವುದಿಲ್ಲ. ಬೇಲಿಯ ಕಂಬಕ್ಕೆ, ಬಂಡಿಯ ಮರಕ್ಕೆ ಗೆದ್ದಲು ಹತ್ತದಿರಲೆಂದು ಸುಟ್ಟ ಆಯಿಲ್ ಬಳಿಯುವ ರೂಢಿ ಹಳ್ಳಿಗಳಲ್ಲಿದ್ದು, ಕೇಳಿ ಪಡೆಯುವವರೂ ಇದ್ದಾರೆ. ಆದರೆ ಅದರಲ್ಲಿ ಸವೆದ ಲೋಹವೂ ಸುಟ್ಟ ಪೆಟ್ರೋಲಿನ ಕೆಟ್ಟ ಶೇಷಗಳೂ ಇರುವುದರಿಂದ, ದನ ಮೈಯುಜ್ಜುವ ಗೂಟಕ್ಕಾಗಲಿ ಬಾವಿಯ ಹತ್ತಿರದ ಕಂಬಕ್ಕಾಗಲಿ ಅದನ್ನು ಬಳಿಯಲು ನಾನು ಕೊಡುವುದಿಲ್ಲ. ಹೊಸ ಆಯಿಲ್ ಬಂದ ಡಬ್ಬಿಗೇ ಅದನ್ನು ತುಂಬಿ, ಫಿಲ್ಟರನ್ನು ಬಾಯಿ ಕೆಳಗಾಗಿ ರಾತ್ರಿಯಿಡೀ ಬಸಿಯಲು ಬಿಟ್ಟು, ಎರಡನ್ನೂ ಹಳೆಯ ಆಯಿಲ್ ಸಂಗ್ರಹಿಸುವ ದೊಡ್ಡ ಸರ್ವಿಸ್ ಸೆಂಟರಿಗೆ ಒಪ್ಪಿಸಿ ಬರುತ್ತೇನೆ. ಅಲ್ಲಿಗೆ ಬ್ಯಾರಲ್ ಒಯ್ಯಲು ಬರುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಘಟಕದವರೇ ಎಂದು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಕೂಲಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಮುಂತಾದುವನ್ನು ಆ ಡಬ್ಬಿಯಲ್ಲಿ ಬೆರೆಸಬಾರದು, ಬೆರೆತರೆ ಅದು ಮತ್ತೆ ಶುದ್ಧಿಯಾಗಲು ಬಾರದಂತಾಗುತ್ತದೆ. ಸುಟ್ಟ ಆಯಿಲ್ ಬಹಳ ಹೊತ್ತು ಚರ್ಮಕ್ಕೆ ಅಂಟಿಕೊಂಡಿರುವುದು ಒಳ್ಳೆಯದಲ್ಲವಾದ್ದರಿಂದ, ಕೈಗವಸು ಹಾಕಿದ್ದರೂ ಸಾಬೂನಿನಿಂದ ಕೈ ತೊಳೆಯಬೇಕು. ಪೆಟ್ರೋಲಿನಿಂದ ಕೈ ತೊಳೆಯುವ ಗ್ಯಾರೇಜಿನ ಅಭ್ಯಾಸ ಇನ್ನೂ ಕೆಟ್ಟದ್ದು.

ಕೆಲಸ ಮುಗಿದ ದಿನದ ತಾರೀಖು, ಮೀಟರಿನ ಕಿಲೋಮೀಟರ್, ಹಾಕಿದ ಆಯಿಲ್‌ನ ದರ್ಜೆ, ಹಾಕಿದ ಮತ್ತು ಇಳಿದ ಅಳತೆ, ಇಳಿದದ್ದರ ಬಣ್ಣ ಮತ್ತು ವಾಸನೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಆಯಿಲ್ ಹಾಗೂ ಫಿಲ್ಟರಿನ ಬಿಲ್ಲುಗಳನ್ನು ಅದರಲ್ಲಿಯೇ ಅಂಟಿಸಿಡುತ್ತೇನೆ. ಕಾರನ್ನು ಮಾರುವಾಗಲೂ ಈ ಪುಟಗಳು ಕೆಲಸಕ್ಕೆ ಬರುತ್ತವೆ. ಎರಡು ಬದಲಾವಣೆಗಳ ನಡುವೆ ಮಟ್ಟವನ್ನು ನೋಡಲು ನಮ್ಮ ಕಡೆ ದಿನ ಹುಡುಕಬೇಕಾಗಿಲ್ಲ. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ಹೂವೇರಿಸಿ, ತೆಂಗಿನಕಾಯಿ ಒಡೆಯುವ ರೂಢಿ ಹೇಗೂ ಇದೆ. ತೊಳೆಯುವ ಮೊದಲು, ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಡಿಪ್ ಸ್ಟಿಕ್ ಎಳೆದು ನೋಡಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಕೆಳಗಿನ ಗುರುತಿನ ಹತ್ತಿರ ಬಂದಿದ್ದರೆ ಅದೇ ದರ್ಜೆಯ ಆಯಿಲ್ ಅನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಸೇರಿಸಿದ್ದು ಎಷ್ಟು ಎಂಬುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಬೇಕು.